ಮಲೆನಾಡಿನ ಮಳೆಗೆ ಜಗ್ಗದ ಕಪಾಟು: ಮನೆಯ ಮರಗೆಲಸದ ಕೋಣೆಗೆ ನೀವೇ ಮಾಡಿಕೊಳ್ಳಿ

ನನ್ನ ಮೊದಲ ಕಪಾಟು ಒಂದೇ ಮಳೆಗಾಲಕ್ಕೆ ಹೋಯಿತು.

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ದನ ಸಾಕುವುದು ಬಿಟ್ಟ ಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೆಯನ್ನೇ ಮರಗೆಲಸದ ಕೋಣೆ ಮಾಡಿಕೊಂಡಿದ್ದೇನೆ. ಉಳಿ, ತೋಪಡ, ಡ್ರಿಲ್ ಮೆಷಿನ್ ಎಲ್ಲ ನೆಲದ ಮೇಲೆ ಹರಡಿಕೊಂಡು, ಬೇಕಾದಾಗ ಒಂದೂ ಕೈಗೆ ಸಿಗದೆ ಬೇಜಾರಾಗಿ, ಒಂದು ಮೇ ತಿಂಗಳಲ್ಲಿ ಕಪಾಟು ಮಾಡಿದೆ. ಅಗ್ಗದ ಕಮರ್ಷಿಯಲ್ ಪ್ಲೈ ತಂದೆ. ಸಿಮೆಂಟ್ ನೆಲದ ಮೇಲೆ ನೇರವಾಗಿ ಕೂರಿಸಿ ಗೋಡೆಗೆ ಒರಗಿಸಿದೆ. ನೋಡಲು ಚೆನ್ನಾಗಿಯೇ ಇತ್ತು. ಚೌತಿ ಹೊತ್ತಿಗೆ ಬಾಗಿಲು ತೆಗೆದರೆ ಮುಗ್ಗು ವಾಸನೆ. ಬೆನ್ನಿನ ಹಲಗೆ ತುಂಬ ಹತ್ತಿ ಹರಡಿದ ಹಾಗೆ ಬೂಷ್ಟು. ಕೆಳಗಿನ ಹಲಗೆಯ ಅಂಚು ನೆನೆದ ಪುಸ್ತಕದಂತೆ ಪದರಪದರವಾಗಿ ಬಿಚ್ಚಿಕೊಂಡಿತ್ತು. ಹೊಸ ಉಳಿಗಳ ಮೇಲೆಲ್ಲ ಕಂದು ಚುಕ್ಕೆ.

ಪಕ್ಕದೂರಿನ ಹಿರಿಯ ಆಚಾರ್ರು ಬಂದವರು ಕಪಾಟಿನ ಹಿಂದೆ ಕೈ ತೂರಿಸಿ ನೋಡಿದರು. "ಗೋಡೆಗೆ ಒರಗಿಸಿ ಇಟ್ಟಿದ್ದೀರಲ್ಲ, ಗೋಡೆ ಕುಡಿದದ್ದನ್ನೆಲ್ಲ ಇದಕ್ಕೂ ಕುಡಿಸ್ತದೆ" ಅಂದರು. ಅಷ್ಟೇ ಹೇಳಿದ್ದು. ಎರಡನೇ ಕಪಾಟನ್ನು ನೆಲಕ್ಕೂ ಗೋಡೆಗೂ ತಾಗದ ಹಾಗೆ ಮಾಡಿದೆ. ಅದು ಇವತ್ತಿಗೂ ಗಟ್ಟಿಯಾಗಿದೆ. ಇಲ್ಲಿ ಹೇಳುತ್ತಿರುವುದು ಆ ಎರಡನೆಯದರ ಕಥೆ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಎಂಎಂಗೂ ಜಾಸ್ತಿ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಪೇಟೆಯ ಆರ್‌ಸಿಸಿ ಮನೆಯಲ್ಲಿ ಇರುವವರು ಕೆಳಗೆ ಹೇಳಿದ್ದರಲ್ಲಿ ಒಂದೆರಡು ಬಿಟ್ಟರೂ ನಡೆಯುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಯಾವುದನ್ನೂ ಬಿಡಬೇಡಿ.

ಯಾವಾಗ ಮಾಡಬೇಕು

ಅಡಿಕೆ ಕೊಯ್ಲು ಮುಗಿದ ಮೇಲೆ, ರೋಹಿಣಿ ಮಳೆಗೆ ಮುಂಚೆ. ಅಂದರೆ ಫೆಬ್ರುವರಿಯಿಂದ ಮೇ ನಡುವೆ. ಆಗ ಮರ ಒಣಗಿರುತ್ತದೆ, ಬಣ್ಣ ಬೇಗ ಆರುತ್ತದೆ, ಕರೆಂಟೂ ಸುಮಾರಾಗಿ ಇರುತ್ತದೆ. ಮಳೆಗಾಲದಲ್ಲಿ ಹೊಡೆದ ಪಾಲಿಶ್ ಎಷ್ಟೋ ಸಲ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಗಾಳಿಯ ತೇವ ಅದರೊಳಗೆ ಸಿಕ್ಕಿಕೊಳ್ಳುವುದೇ ಕಾರಣ.

ಮರವೋ ಪ್ಲೈವುಡ್ಡೋ

ಮನೆ ಅಟ್ಟದ ಮೇಲೆ ಹಲಸಿನ ಹಲಗೆ ಇದೆ, ಅದರಲ್ಲೇ ಮಾಡಿದರೆ ಆಗದಾ? ಆಗುತ್ತದೆ. ಆದರೆ ಅಗಲ ಹಲಗೆಯಲ್ಲಿ ಒಂದು ತೊಂದರೆ. ಬೇಸಿಗೆಯಲ್ಲಿ ಮರದೊಳಗೆ ಸುಮಾರು ಶೇಕಡಾ 10–12 ತೇವ ಇದ್ದರೆ, ನಮ್ಮ ಆಷಾಢದಲ್ಲಿ ಅದು 18–20ಕ್ಕೆ ಹೋಗುತ್ತದೆ. ತೇವ ಏರಿದಷ್ಟೂ ಹಲಗೆ ಅಗಲಕ್ಕೆ ಹಿಗ್ಗುತ್ತದೆ. ಒಂದಡಿ ಅಗಲದ ಹಲಗೆ ಮೂರ್ನಾಲ್ಕು ಎಂಎಂ ಹಿಗ್ಗುವುದು ಮಾಮೂಲು. ಮಳೆಗಾಲದಲ್ಲಿ ಹಳೇ ಮನೆಯ ಬಾಗಿಲು ಹೊಸ್ತಿಲಿಗೆ ಕಚ್ಚಿಕೊಂಡು ಕಾಲಿಂದ ಒದೆಯಬೇಕಾಗುತ್ತದಲ್ಲ, ಅದೇ ಇದು. ಪ್ಲೈಯಲ್ಲಿ ಪದರಗಳು ಒಂದಕ್ಕೊಂದು ಅಡ್ಡ ಇರುವುದರಿಂದ ಈ ಹಿಗ್ಗುವಿಕೆ ತೀರಾ ಕಡಿಮೆ. ಹಾಗಾಗಿ ಪೆಟ್ಟಿಗೆಗೆ, ಬಾಗಿಲಿಗೆ ಪ್ಲೈ. ಕಪಾಟಿನ ಅಡಿಗೆ ಕೂರಿಸುವ ದಿಮ್ಮಿಗೆ ಮಾತ್ರ ಮರ. ಅದಕ್ಕೆ ಅಕೇಶಿಯಾ ಸಾಕು.

ಪ್ಲೈ ತರುವಾಗ ಮೇಲಿನ ಹಾಳೆಯ ಚಂದ ನೋಡಬೇಡಿ, ಮುದ್ರೆ ನೋಡಿ. ಐಎಸ್ಐ ಗುರುತಿನ ಜೊತೆ ಐಎಸ್ 303 ಅಂತ ಇದ್ದರೆ ಸಾಮಾನ್ಯ ಬಳಕೆಯದು. ಅದರಲ್ಲೂ ಎರಡು ಜಾತಿ. ಎಂಆರ್, ಅಂದರೆ ತೇವ ತಡೆಯುವುದು ಅಂತ ಇದ್ದರೆ ಒಣ ಊರಿಗೆ ಸರಿ, ನಮಗೆ ಬೇಡ. ಬಿಡಬ್ಲ್ಯುಆರ್, ಅಂದರೆ ಕುದಿನೀರು ತಡೆಯುವುದು ಅಂತ ಇದ್ದರೆ ಪರವಾಗಿಲ್ಲ. ಐಎಸ್ 710 ಅಂತ ಇದ್ದರೆ ಮರೀನ್ ಪ್ಲೈ. 72 ಗಂಟೆ ಕುದಿಸಿದರೂ ಪದರ ಬಿಡಬಾರದು ಎನ್ನುವುದು ಅದರ ಪರೀಕ್ಷೆ. ಬಿಡಬ್ಲ್ಯುಆರ್‌ಗೆ 8 ಗಂಟೆ. ಪೂರ್ತಿ ಮರೀನ್ ಪ್ಲೈ ತರುವುದು ದುಬಾರಿ. ಬಿಡಬ್ಲ್ಯುಆರ್ ತಂದು ಅಂಚುಗಳನ್ನು ಚೆನ್ನಾಗಿ ಮುಚ್ಚಿದರೆ ಕೊಟ್ಟಿಗೆ ಕಪಾಟಿಗೆ ಸಾಕು ಅನ್ನುವುದು ನನ್ನ ಲೆಕ್ಕ.

ಮುದ್ರೆ ಮೇಲೆ ನಂಬಿಕೆ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. ಅಂಗಡಿಯವರ ಹತ್ತಿರ ಅದೇ ಹಲಗೆಯ ಅಂಗೈಯಷ್ಟು ತುಂಡು ಕೇಳಿ ತನ್ನಿ. ನಮ್ಮ ಬಚ್ಚಲೊಲೆ ಬೆಳಿಗ್ಗೆಯಿಂದ ಸಂಜೆವರೆಗೆ ಉರಿಯುತ್ತಲೇ ಇರುತ್ತದೆ. ಹಂಡೆ ಪಕ್ಕ ಒಂದು ಹಳೇ ಡಬ್ಬದಲ್ಲಿ ನೀರು ತುಂಬಿ, ತುಂಡು ಮುಳುಗಿಸಿ ಎಂಟು ಗಂಟೆ ಕುದಿಸಿದೆ. ಒಂದು ಅಂಗಡಿಯದು ಮಧ್ಯಾಹ್ನಕ್ಕೇ ಅಪ್ಪಚ್ಚಿಯಾಗಿ ತೇಲಿತು. ಇನ್ನೊಂದು ಸಂಜೆ ತೆಗೆದಾಗ ಕಪ್ಪಾಗಿತ್ತು, ಆದರೆ ಚಾಕು ತೂರಿಸಿದರೂ ಪದರ ಬಿಡಲಿಲ್ಲ. ಆ ನೀರನ್ನು ಮಾತ್ರ ದೂರ ಚೆಲ್ಲಿ. ಅಂಟಿನ ರಾಸಾಯನಿಕ ಅದರಲ್ಲಿ ಇಳಿದಿರುತ್ತದೆ.

ಹಲಗೆಯ ಅಂಚನ್ನೂ ಬೆಳಕಿಗೆ ಹಿಡಿದು ನೋಡಿ. ಒಳಪದರಗಳ ನಡುವೆ ತೂತು ಕಂಡರೆ ಬಿಟ್ಟುಬಿಡಿ. ಅಲ್ಲಿಗೇ ಸ್ಕ್ರೂ ಬಂದರೆ ಹಿಡಿತ ಸಿಗುವುದಿಲ್ಲ.

ಒಂದು ಹಲಗೆ, ಒಂದು ಕಪಾಟು

ನಮ್ಮ ಆಚಾರ್ರು ಇಂಚು, ಸೂತಿನಲ್ಲೇ ಮಾತಾಡುತ್ತಾರೆ. ನಾನು ಎಂಎಂನಲ್ಲಿ ಹೇಳುತ್ತೇನೆ. ಪ್ಲೈ ದಪ್ಪ ಎಂಎಂನಲ್ಲಿ ಬರುವುದರಿಂದ ಕೂಡಿ ಕಳೆಯಲು ಸುಲಭ.

ಎಂಟಡಿ ನಾಲ್ಕಡಿಯ ಹಲಗೆ ಅಂದರೆ 2440 × 1220. ದಪ್ಪ 18. ಇದನ್ನು ಉದ್ದಕ್ಕೆ 400 ಅಗಲದ ಮೂರು ಪಟ್ಟೆಯಾಗಿ ಸೀಳಿ. ಗರಗಸದ ಸೀಳಿಗೆ ಮೂರು ಮೂರು ಎಂಎಂ ಹೋದರೂ 1206ಕ್ಕೆ ಮುಗಿಯುತ್ತದೆ. ಈ ಸೀಳುವ ಕೆಲಸವನ್ನು ಶಿವಮೊಗ್ಗದ ಅಂಗಡಿಯಲ್ಲೇ ಮಾಡಿಸಿದರೆ ಒಳ್ಳೆಯದು. ಇಡೀ ಹಲಗೆ 30 ಕೆಜಿ ಮೇಲೆ ತೂಗುತ್ತದೆ, ಒಬ್ಬರ ಕೈಲಿ ಆಗುವುದಿಲ್ಲ. ಪಟ್ಟೆಯಾದರೆ ಲಗೇಜ್ ಆಟೊದಲ್ಲಿ ಆರಾಮಾಗಿ ಬರುತ್ತದೆ.

ಕಪಾಟಿನ ಅಳತೆ: ಅಗಲ 800, ಎತ್ತರ 720, ಆಳ 400. ಪಟ್ಟೆಗಳನ್ನು ಹೀಗೆ ತುಂಡು ಮಾಡಿ.

ಮೊದಲ ಪಟ್ಟೆ: ಪಕ್ಕದ ಹಲಗೆ 720ರದ್ದು ಎರಡು, ತಳ 764ರದ್ದು ಒಂದು.
ಎರಡನೇ ಪಟ್ಟೆ: ಮೇಲ್ಭಾಗ 764ರದ್ದು ಒಂದು, ಶೆಲ್ಫ್ 762ರದ್ದು ಎರಡು. ಶೆಲ್ಫಿನ ಅಗಲವನ್ನು 380ಕ್ಕೆ ಇಳಿಸಿ, ಇಲ್ಲದಿದ್ದರೆ ಹಿಂಜ್‌ಗೆ ತಾಗುತ್ತದೆ.
ಮೂರನೇ ಪಟ್ಟೆ: ಬಾಗಿಲು 716ರದ್ದು ಎರಡು, ಅಗಲ 397. ಉಳಿದ ಒಂದು ಮೀಟರ್ ತುಂಡಿನಲ್ಲಿ 764 × 100ರ ಅಡ್ಡಪಟ್ಟಿ ಎರಡು, 762 × 40ರ ಪಟ್ಟಿ ಎರಡು.

764 ಎಲ್ಲಿಂದ ಬಂತು? 800ರಲ್ಲಿ ಎರಡು ಪಕ್ಕದ ದಪ್ಪ 36 ಕಳೆಯಿರಿ. ನಿಮ್ಮ ಪ್ಲೈ ನಿಜಕ್ಕೂ 18 ಇದೆಯಾ ಅಂತ ಮೊದಲು ಅಳೆದುಕೊಳ್ಳಿ. 17 ಇದ್ದರೆ 766 ಕತ್ತರಿಸಬೇಕು, ಅಡ್ಡಪಟ್ಟಿಯನ್ನೂ ಶೆಲ್ಫನ್ನೂ ಅದೇ ಲೆಕ್ಕದಲ್ಲಿ ಎರಡು ಎಂಎಂ ಉದ್ದ ಮಾಡಬೇಕು.

ಬೆನ್ನಿಗೆ 6 ಎಂಎಂ ಪ್ಲೈ, 796 × 716. ಒಂದು ಪೂರ್ತಿ ಹಲಗೆಯಲ್ಲಿ ಮೂರು ಬೆನ್ನು ಬರುತ್ತದೆ. ನಾನು ಅದಕ್ಕೇ ಒಂದರ ಬದಲು ಮೂರು ಕಪಾಟು ಮಾಡಿದೆ. ಮನೆಯವಳು ಇನ್ನೂ ನಂಬಿಲ್ಲ.

ನೇರ ಕತ್ತರಿಸುವುದು

ಎಲ್ಲರೂ ಸೋಲುವುದು ಇಲ್ಲೇ. ಟೇಬಲ್ ಸಾ ಇಲ್ಲದೆ, ಕೈಯಲ್ಲಿ ಹಿಡಿಯುವ ಸರ್ಕುಲರ್ ಸಾದಲ್ಲಿ ಗೆರೆ ನೋಡುತ್ತಾ ಹೋದರೆ ಹಾವು ಹರಿದ ಹಾಗೆ ಆಗುತ್ತದೆ. ಹಾಗಾಗಿ ಮೊದಲು ಒಂದು ಗೈಡ್ ಮಾಡಿಕೊಳ್ಳಿ. ಅರ್ಧ ಗಂಟೆಯ ಕೆಲಸ.

6 ಎಂಎಂ ಪ್ಲೈನಲ್ಲಿ ಉಳಿದ ತುಂಡಿನಿಂದ ಸುಮಾರು 300 ಅಗಲ, ಒಂದು ಮೀಟರ್ ಉದ್ದದ ಪಟ್ಟಿ ತೆಗೆದುಕೊಳ್ಳಿ. ಅದರ ಮೇಲೆ ಒಂದು ಬದಿಗೆ, ನೇರ ಅಂಚಿರುವ ಇನ್ನೊಂದು ಸಣ್ಣ ಪಟ್ಟಿಯನ್ನು ಅಂಟು, ಸ್ಕ್ರೂ ಹಾಕಿ ಕೂರಿಸಿ. ಅಂಟು ಒಣಗಿದ ಮೇಲೆ ಸಾದ ತಳವನ್ನು ಆ ಸಣ್ಣ ಪಟ್ಟಿಗೆ ಒತ್ತಿ ಹಿಡಿದು ಒಂದು ಸಲ ಉದ್ದಕ್ಕೆ ಓಡಿಸಿ. 6 ಎಂಎಂ ತಳದಲ್ಲಿ ಜಾಸ್ತಿ ಇದ್ದದ್ದು ಕತ್ತರಿಸಿ ಬೀಳುತ್ತದೆ. ಈಗ ಉಳಿದ ಅಂಚು ಇದೆಯಲ್ಲ, ನಿಮ್ಮ ಬ್ಲೇಡ್ ಹೋಗುವುದು ಸರಿಯಾಗಿ ಅಲ್ಲೇ. ಮುಂದೆ ಪೆನ್ಸಿಲ್ ಗೆರೆ ಮೇಲೆ ಈ ಅಂಚು ಇಟ್ಟು, ಎರಡು ಕ್ಲಾಂಪ್ ಬಿಗಿದು ಸಾ ಓಡಿಸಿದರೆ ಮುಗಿಯಿತು. ಲೆಕ್ಕ ಹಾಕುವುದೇ ಬೇಡ. ಬ್ಲೇಡ್ ಬದಲಾಯಿಸಿದರೆ ಮಾತ್ರ ಹೊಸ ಗೈಡ್ ಬೇಕಾಗಬಹುದು.

ಪ್ಲೈಯನ್ನು ನೆಲದಿಂದ ಎತ್ತಿ ಹಿಡಿಯಲು ನಾನು ನಾಲ್ಕು ಅಡಿಕೆ ದಬ್ಬೆ ಅಡ್ಡಡ್ಡ ಹಾಸುತ್ತೇನೆ. ಮಣ್ಣು ಮೆತ್ತಿದ ಹಳೇ ದಬ್ಬೆ ಬೇಡ, ಬ್ಲೇಡಿನ ಹಲ್ಲು ಹೋಗುತ್ತದೆ. ಬ್ಲೇಡ್ ಪ್ಲೈ ದಾಟಿ ಐದು ಎಂಎಂ ಕೆಳಗಿಳಿದರೆ ಸಾಕು. 7 ಇಂಚಿನ ಸಾ ಆದರೆ 40 ಹಲ್ಲಿನ ಬ್ಲೇಡ್ ಹಾಕಿ, ಚೆನ್ನಾಗಿ ಕಾಣಬೇಕಾದ ಮುಖವನ್ನು ಕೆಳಗೆ ಮಾಡಿ. ಹಲ್ಲು ಕೆಳಗಿಂದ ಮೇಲಕ್ಕೆ ಕಚ್ಚುವುದರಿಂದ ಸಿಬಿರು ಏಳುವುದು ಮೇಲಿನ ಮುಖದಲ್ಲಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ. ಪಂಚೆ ಉಟ್ಟುಕೊಂಡು ಸಾ ಹಿಡಿಯಬೇಡಿ.

ಪೆಟ್ಟಿಗೆ ಕೂಡಿಸುವುದು

ಖಾಂಜಿ, ಕೂರಿನಂಥ ಮರದ ಜೋಡಣೆ ಯಾವುದೂ ಬೇಡ. ನೀರಿಗೆ ತಡೆಯುವ ಬಿಳಿ ಅಂಟು ಮತ್ತು 8 ನಂಬರಿನ 50 ಎಂಎಂ ಸ್ಕ್ರೂ ಸಾಕು. ಸ್ಕ್ರೂ ಮಾತ್ರ ಸ್ಟೇನ್‌ಲೆಸ್ ಆಗಿರಲಿ, ಇಲ್ಲವೇ ಸತು ಲೇಪ ಇರುವುದು.

ಪಕ್ಕದ ಹಲಗೆಯಲ್ಲಿ ಮೇಲಿನ, ಕೆಳಗಿನ ಅಂಚಿನಿಂದ 9 ಎಂಎಂ ಒಳಗೆ ಗೆರೆ ಎಳೆಯಿರಿ. ಅದರ ಮೇಲೆ ಮುಂದಿನಿಂದ 50, 150, 250, 350ರಲ್ಲಿ ಗುರುತು ಹಾಕಿ. ಅಲ್ಲಿ 4.5 ಎಂಎಂ ತೂತು ಹೊಡೆದು, ಸ್ಕ್ರೂ ತಲೆ ಮುಳುಗುವಷ್ಟು ಬಾಯಿ ಅಗಲ ಮಾಡಿ. ತಳದ ಹಲಗೆಯನ್ನು ಜಾಗದಲ್ಲಿ ಹಿಡಿದು, ಅದೇ ತೂತಿನೊಳಗಿಂದ ಅದರ ಅಂಚಿಗೆ 3 ಎಂಎಂ ತೂತು ಹೊಡೆಯಿರಿ. ಈ ಸಣ್ಣ ತೂತು ಇಲ್ಲದೆ ಸ್ಕ್ರೂ ತಿರುಗಿಸಿದರೆ ಪ್ಲೈ ಅಂಚು ಬಾಯಿ ಬಿಡುತ್ತದೆ. ಆಮೇಲೆ ಅಂಟು ಸವರಿ ಬಿಗಿಯಿರಿ. ಹೊರಗೆ ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸಿ. ಉದ್ದದ ಕ್ಲಾಂಪ್ ಇಲ್ಲದಿದ್ದರೆ ಪೆಟ್ಟಿಗೆ ಸುತ್ತ ಹಗ್ಗ ಸುತ್ತಿ, ನಡುವೆ ಒಂದು ಕೋಲು ತೂರಿಸಿ ತಿರುಚಿ. ಮೂಲೆಗೆ ರಟ್ಟು ಇಡಲು ಮರೆಯಬೇಡಿ.

ಅಡ್ಡಪಟ್ಟಿಗಳು ಹಿಂಬದಿಯಲ್ಲಿ ಒಳಗೆ ಬರುತ್ತವೆ, ಒಂದು ಮೇಲೆ, ಒಂದು ಕೆಳಗೆ. ಮೇಲಿನದು ಮುಂದೆ ಕಪಾಟನ್ನು ಗೋಡೆಗೆ ಕಟ್ಟಲು ಬೇಕು.

ಅಂಟು ಒಣಗುವ ಮೊದಲೇ ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡೂ ಕಡೆ 1076 ಬರಬೇಕು. ಒಂದು ಕಡೆ 1078, ಇನ್ನೊಂದು ಕಡೆ 1074 ಬಂದರೆ, ಜಾಸ್ತಿ ಇರುವ ಎರಡು ಮೂಲೆ ಹಿಡಿದು ಮೆಲ್ಲಗೆ ಒತ್ತಿ, ಎರಡೂ ಸಮ ಆಗುವವರೆಗೆ. ಸಮ ಬಂದ ಕೂಡಲೇ ಬೆನ್ನಿನ ಹಲಗೆಯನ್ನು ಅಂಟು, ಸಣ್ಣ ಸ್ಕ್ರೂ ಹಾಕಿ ಬಿಗಿದುಬಿಡಿ. ಆಮೇಲೆ ಪೆಟ್ಟಿಗೆ ಅಲುಗುವುದಿಲ್ಲ. ಇಲ್ಲಿ ಸೋಮಾರಿತನ ಮಾಡಿದರೆ ಕೊನೆಗೆ ಬಾಗಿಲು ಕೂರಿಸುವಾಗ ಅಳಬೇಕಾಗುತ್ತದೆ, ನಾನು ಒಂದರಲ್ಲಿ ಅತ್ತಿದ್ದೇನೆ.

ಶೆಲ್ಫಿಗೆ ಪಕ್ಕದ ಹಲಗೆ ಮೇಲೆ 20 ಎಂಎಂ ಮರದ ಪಟ್ಟಿ ಹೊಡೆದು ಅದರ ಮೇಲೆ ಕೂರಿಸಿದರೆ ಸಾಕು. ಮುಂದಿನ ಅಂಚಿನ ಕೆಳಗೆ ಆ 40 ಎಂಎಂ ಪಟ್ಟಿಯನ್ನು ಅಂಟಿಸಲೇಬೇಕು. ಅದಕ್ಕೆ ಜಾಗ ಬಿಡಲು ಪಕ್ಕದ ಪಟ್ಟಿ ಮುಂದಿನಿಂದ ಸ್ವಲ್ಪ ಹಿಂದೆಯೇ ನಿಲ್ಲಲಿ. ಅಡ್ಡ ನಿಂತ ಆ ಪಟ್ಟಿ ಇಲ್ಲದಿದ್ದರೆ, ಎರಡು ಡ್ರಿಲ್, ನಾಲ್ಕು ತೋಪಡ ಇಟ್ಟ ಶೆಲ್ಫ್ ವರ್ಷದಲ್ಲಿ ನಡು ಬಗ್ಗಿಸುತ್ತದೆ. ಡ್ರಾಯರ್ ಬೇಕು ಅನಿಸುತ್ತದೆ, ಗೊತ್ತು. ಮೊದಲ ಕಪಾಟಿಗೆ ಬೇಡ.

ನೆಲದಿಂದ ಮೇಲೆ, ಗೋಡೆಯಿಂದ ಆಚೆ

ಕಾಲು ಮರದ್ದು ಬೇಡ. 4 ಇಂಚಿನ ಪಿವಿಸಿ ಪೈಪನ್ನು, ಅಂದರೆ ಹೊರ ಅಳತೆ 110 ಎಂಎಂ ಇರುವುದನ್ನು, 120 ಎತ್ತರದ ನಾಲ್ಕು ತುಂಡು ಮಾಡಿ. ಪ್ಲಾಸ್ಟಿಕ್ ಹಾಳೆ ಮೇಲೆ ನಿಲ್ಲಿಸಿ. ಒಂದು ಸಿಮೆಂಟ್, ಎರಡು ಮರಳು, ನಾಲ್ಕು ಸಣ್ಣ ಜಲ್ಲಿ ಕಲಸಿ ತುಂಬಿ. ಹಸಿ ಇರುವಾಗಲೇ 10 ಎಂಎಂ ದಪ್ಪ, 100 ಎಂಎಂ ಉದ್ದದ ಬೋಲ್ಟನ್ನು ತಲೆ ಕೆಳಗಾಗಿ ಊರಿ, 40 ಎಂಎಂ ಮೇಲೆ ಕಾಣಲಿ. ಒಂದು ವಾರ ಒದ್ದೆ ಗೋಣಿ ಮುಚ್ಚಿಡಿ. ಪೈಪ್ ಬಿಡಿಸುವುದು ಬೇಡ, ಹಾಗೇ ಇರಲಿ.

75 ಅಗಲ, 50 ದಪ್ಪ, 380 ಉದ್ದದ ಎರಡು ಅಕೇಶಿಯಾ ದಿಮ್ಮಿಗಳನ್ನು ಕಪಾಟಿನ ಅಡಿಗೆ ಸ್ಕ್ರೂ ಹಾಕಿ. ದಿಮ್ಮಿಯಲ್ಲಿ ಮೊದಲೇ 12 ಎಂಎಂ ತೂತು ಹೊಡೆದಿರಬೇಕು, ಬೋಲ್ಟ್ ಅದರೊಳಗೆ ಕೂರುತ್ತದೆ. ನಟ್ ಬೇಕಾಗಿಲ್ಲ. ಕಾಂಕ್ರೀಟಿಗೂ ಮರಕ್ಕೂ ನಡುವೆ ಹಳೇ ಟ್ಯೂಬಿನ ತುಂಡು ಇಡಿ. ಕಾಂಕ್ರೀಟ್ ನೀರು ಹೀರುತ್ತದೆ, ರಬ್ಬರ್ ಅದನ್ನು ಅಲ್ಲೇ ತಡೆಯುತ್ತದೆ.

ದಿಮ್ಮಿಗೆ ನಮ್ಮಲ್ಲಿ ಗೇರೆಣ್ಣೆ ಹೊಡೆಯುವ ರೂಢಿ. ಅಟ್ಟದ ಪಕಾಸಿಗೆ ಹೊಡೆಯುತ್ತಾರಲ್ಲ, ಗೇರುಬೀಜದ ಸಿಪ್ಪೆಯಿಂದ ತೆಗೆದದ್ದು, ಅದೇ. ಒರಲೆಗೆ ಒಳ್ಳೆಯ ತಡೆ. ಆದರೆ ಮೈಗೆ ತಾಗಿದರೆ ಬೊಬ್ಬೆ ಬರುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಕಪಾಟಿನ ಒಳಗಂತೂ ಹೊಡೆಯಲೇಬೇಡಿ, ಎಷ್ಟೋ ದಿನ ಅಂಟಂಟು ಇರುತ್ತದೆ.

ಕಾಲು, ದಿಮ್ಮಿ ಸೇರಿ ಕಪಾಟು 890 ಎತ್ತರಕ್ಕೆ ಬರುತ್ತದೆ, ಸುಮಾರು ಸೊಂಟದ ಮಟ್ಟ. ಮೇಲೆ ಸಣ್ಣಪುಟ್ಟ ಕೆಲಸ ಮಾಡಬಹುದು. ಅಡಿಗೆ ಪೊರಕೆ ಹೋಗುತ್ತದೆ. ಒರಲೆ ಮಣ್ಣಿನ ಕೊಳವೆ ಕಟ್ಟಿಕೊಂಡೇ ಮೇಲೆ ಬರುವುದು, ಬಂದರೆ ಪಿವಿಸಿ ಮೇಲೆ ಕಣ್ಣಿಗೆ ಬೀಳುತ್ತದೆ.

ಎರಡು ಬಾಗಿಲು ಒಟ್ಟಿಗೆ ತೆಗೆದಾಗ ಕಪಾಟು ಮುಂದಕ್ಕೆ ಮುಗ್ಗರಿಸಬಾರದು. ಹಾಗಾಗಿ ಗೋಡೆಗೆ ಕಟ್ಟಲೇಬೇಕು, ತಾಗಿಸದೆ. ನಡುವೆ 40 ಎಂಎಂ ಮರದ ತುಂಡು ಎರಡು ಇಡಿ. ಅಡ್ಡಪಟ್ಟಿ, ಬೆನ್ನು, ಈ ತುಂಡು ಸೇರಿ 64 ಎಂಎಂ ಮರದಲ್ಲೇ ಕಳೆಯುತ್ತದೆ, ಗೋಡೆಯೊಳಗೆ ಕನಿಷ್ಠ 70 ಹೋಗಬೇಕು. 10 ಎಂಎಂ ದಪ್ಪ, 140 ಎಂಎಂ ಉದ್ದದ ಪ್ಲಗ್ ಸಹಿತ ಸ್ಕ್ರೂ ಕೇಳಿ ತನ್ನಿ. ಜಂಬಿಟ್ಟಿಗೆ ಗೋಡೆಯಾದರೆ ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ ತೂತು ಹೊಡೆಯಿರಿ. ಹ್ಯಾಮರ್ ಹಾಕಿದರೆ ಕಲ್ಲು ಒಳಗೇ ಪುಡಿಯಾಗಿ ಪ್ಲಗ್ ಗಿರಗಿರ ತಿರುಗುತ್ತದೆ.

ಬಾಗಿಲು, ಬಣ್ಣ

ಆಟೋ ಹಿಂಜ್ ತನ್ನಿ, ಝೀರೋ ಕ್ರ್ಯಾಂಕ್ ಅಂತ ಕೇಳಿ. ಬಾಗಿಲು ಪೆಟ್ಟಿಗೆಯ ಅಂಚನ್ನು ಪೂರ್ತಿ ಮುಚ್ಚುವ ನಮೂನೆಗೆ ಅದೇ ಬೇಕು. ಬಾಗಿಲಿನ ಮೇಲಿನಿಂದ, ಕೆಳಗಿನಿಂದ 100 ಎಂಎಂ ಬಿಟ್ಟು 35 ಎಂಎಂ ಬಿಟ್‌ನಲ್ಲಿ ಗುಂಡಿ ತೆಗೆಯಿರಿ. ಅಂಚಿನಲ್ಲಿ 4 ಎಂಎಂ ಉಳಿಯಲಿ, ಆಳ 12–13 ಮೀರದಿರಲಿ. ಪಕ್ಕದ ಹಲಗೆಯಲ್ಲಿ ಪ್ಲೇಟಿನ ಸ್ಕ್ರೂ ಮುಂದಿನ ಅಂಚಿನಿಂದ 37 ಎಂಎಂ ಒಳಗೆ. ಒಂದೆರಡು ಎಂಎಂ ಆಚೀಚೆ ಆದರೆ ಹಿಂಜಿನ ಸ್ಕ್ರೂ ತಿರುಗಿಸಿ ಸರಿ ಮಾಡಬಹುದು. ಹೊಸಬರಿಗೆ ಇದು ದೊಡ್ಡ ಉಪಕಾರ.

ಅದೇ ಬಿಟ್‌ನಲ್ಲಿ ಬೆನ್ನಿನ ಹಲಗೆಗೆ ಅಡ್ಡಪಟ್ಟಿ ತಪ್ಪಿಸಿ ನಾಲ್ಕು ತೂತು ಹೊಡೆಯಿರಿ, ಎರಡು ಕೆಳಗೆ, ಎರಡು ಮೇಲೆ. ಸ್ಟೇನ್‌ಲೆಸ್ ಸೊಳ್ಳೆ ಜಾಲರಿ ಅಂಟಿಸಿ. ಗಾಳಿ ಆಡುತ್ತದೆ, ಜಿರಳೆ ಬರುವುದಿಲ್ಲ.

ಬಾಗಿಲು ಬಿಚ್ಚಿ ಬಣ್ಣ ಹೊಡೆಯಿರಿ. ಮುಖಕ್ಕೆ ಒಂದು ಕೋಟ್ ಪ್ರೈಮರ್, ಎರಡು ಕೋಟ್ ಎನಾಮಲ್. ಅಂಚುಗಳಿಗೆ ಪ್ರೈಮರ್ ಮೂರು ಸಲ, ಏಕೆಂದರೆ ಪ್ಲೈ ನೀರು ಕುಡಿಯುವುದು ಅಂಚಿನ ಬಾಯಿಯಿಂದ. ಕಪಾಟಿನ ಅಡಿಭಾಗ, ಬೆನ್ನಿನ ಹಿಂಬದಿ ಯಾರಿಗೂ ಕಾಣುವುದಿಲ್ಲ ಅಂತ ಬಿಡಬೇಡಿ. ಗೋಡೆಗೆ ಕಟ್ಟುವ ಮುಂಚೆಯೇ ಅದನ್ನೂ ಮುಗಿಸಿ.

ಒಳಗೆ ಏನು, ಎಲ್ಲಿ

ಗಾಳಿ ಆಡುವ ಕಪಾಟು ಬೂಷ್ಟಿಗೆ ಮದ್ದು, ತುಕ್ಕಿಗೆ ಅಲ್ಲ. ಒಳಗೆ ಬರುವ ಗಾಳಿಯೇ ಒದ್ದೆ ಅಲ್ವಾ? ಇದು ನನಗೆ ಎರಡನೇ ಮಳೆಗಾಲದಲ್ಲಿ ಹೊಳೆಯಿತು. ಮೆಷಿನ್, ಮರದ ಹಿಡಿಯ ಸಾಮಾನು, ಮರಳು ಕಾಗದ ಕಪಾಟಿನಲ್ಲಿ ಆರಾಮಾಗಿ ಇರುತ್ತವೆ. ಉಳಿ, ತೋಪಡದ ಅಲಗು, ಡ್ರಿಲ್ ಬಿಟ್‌ಗಳಿಗೆ ಅದರೊಳಗೇ ಒಂದು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ಇಡಿ. ಅಲಗಿಗೆ ಹೊಲಿಗೆ ಮೆಷಿನ್ ಎಣ್ಣೆ ಸವರಿ. ಕೊಬ್ಬರಿ ಎಣ್ಣೆ ಬೇಡ, ಕನರು ವಾಸನೆ ಬಂದು ಅಂಟಾಗುತ್ತದೆ. ಡಬ್ಬದಲ್ಲಿ ಕಾಲು ಕೆಜಿ ಸಿಲಿಕಾ ಜೆಲ್‌ನ ಬಟ್ಟೆಗಂಟು ಹಾಕಿ. ನೀಲಿ ಹರಳು ಗುಲಾಬಿಯಾದರೆ ಹೊಟ್ಟೆ ತುಂಬಿತು ಅಂತ ಅರ್ಥ. ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ ಆಗುತ್ತದೆ. ಆ ನೀಲಿ ಕೋಬಾಲ್ಟ್‌ನದು, ವಿಷ. ಬಾಣಲೆ ಮತ್ತೆ ಅಡುಗೆಮನೆಗೆ ಹೋಗಬಾರದು.

ತೂಕದ್ದು ಕೆಳಗೆ. ಅಂಟು, ವಾರ್ನಿಶ್ ನಡುವಿನ ಶೆಲ್ಫಿನಲ್ಲಿ. ಥಿನ್ನರ್ ಬಚ್ಚಲೊಲೆಯಿಂದ ದೂರ. ಲಿನ್ಸೀಡ್ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಪಾಟಿನೊಳಗೆ ಹಾಕಲೇಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಬಿಸಿ ಕೂಡಿಕೊಂಡು ಬೆಂಕಿ ತಾನಾಗೇ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರವಿ ಒಣಗಿಸಿ ಆಮೇಲೆ ಬಿಸಾಕಿ.

ಆರಿದ್ರೆ ಮಳೆ ಹಿಡಿದ ಮೇಲೆ ಹದಿನೈದು ದಿನಕ್ಕೊಮ್ಮೆ ಟಾರ್ಚ್ ತಗೊಂಡು ಬಗ್ಗಿ ನೋಡಿ. ನಾಲ್ಕೂ ಪೈಪಿನ ಮೇಲೆ ಮಣ್ಣಿನ ಗೆರೆ ಏನಾದರೂ ಏರಿದೆಯಾ, ಬೆನ್ನಿನ ಹಿಂದೆ ಕೈ ತೂರಿಸಿದರೆ ಒಣಗಿದೆಯಾ. ಗೆರೆ ಕಂಡರೆ ಕೆರೆದು ಹಾಕಿ, ಅದು ನೆಲದ ಯಾವ ಬಿರುಕಿನಿಂದ ಬಂತು ಅಂತ ಹುಡುಕಿ ಮುಚ್ಚಿ. ಹೋದ ವರ್ಷ ನಮ್ಮದರಲ್ಲಿ ಒಂದು ಗೆರೆ ಬೆರಳುದ್ದ ಏರಿತ್ತು, ಹಿಂದಿನ ಎಡಗಾಲಿನ ಮೇಲೆ. ಪೊರಕೆ ಕಡ್ಡಿಯಲ್ಲೇ ಉದುರಿತು.